ವಾಲ್ಯೂಮ್ ಬಟನ್ ಮಾತ್ರ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಮ್ಮ ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಬಟನ್ ಮಾತ್ರ ಕೆಲಸ ಮಾಡುತ್ತಿಲ್ಲ. ಹೊಸ ಸೆಲ್ ಹಾಕಿದರೂ ಅಷ್ಟೇ. ಜೋರಾಗಿ ಒತ್ತಿದರೆ ಒಮ್ಮೊಮ್ಮೆ ಕೇಳುತ್ತದೆ. ಮನೆಯಲ್ಲೇ ರಿಪೇರಿ ಆಗುತ್ತಾ, ಹೊಸದೇ ತರಬೇಕಾ?

ಉತ್ತರ: ಆಗುತ್ತದೆ. ಮಿಕ್ಕ ಬಟನ್‌ಗಳು ಸರಿಯಿವೆ ಅಂದರೆ ಸೆಲ್, ಚಿಪ್, ಮುಂದಿನ ಎಲ್‌ಇಡಿ ಮೂರೂ ಚೆನ್ನಾಗಿವೆ ಅಂತಲೇ. ನಿಮ್ಮ ತೊಂದರೆ ಬಹುಪಾಲು ಕೊಳೆಯದ್ದು.

ಬಟನ್‌ಗಳೆಲ್ಲ ಒಂದೇ ರಬ್ಬರ್ ಹಾಳೆಯ ಮೇಲಿರುತ್ತವೆ. ಪ್ರತಿ ಬಟನ್‌ನ ತಳದಲ್ಲಿ ಒಂದು ಕಪ್ಪು ಚುಕ್ಕೆ. ಅದು ಕಾರ್ಬನ್, ಅದರಲ್ಲಿ ಕರೆಂಟ್ ಹರಿಯುತ್ತದೆ. ಕೆಳಗಿನ ಬೋರ್ಡಿನಲ್ಲಿ ಎರಡು ಬಾಚಣಿಗೆಯ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂಥ ಗೆರೆಗಳಿರುತ್ತವೆ. ಬಟನ್ ಒತ್ತಿದಾಗ ಚುಕ್ಕೆ ಆ ಗೆರೆಗಳನ್ನು ಸೇರಿಸುತ್ತದೆ. ನಡುವೆ ಜಿಡ್ಡು ಕೂತರೆ ಸೇರುವುದಿಲ್ಲ. ಊಟದ ಕೈಯಲ್ಲೇ ರಿಮೋಟ್ ಹಿಡಿಯುವವರು ನಾವು, ಅಲ್ವಾ? ಅದು ಸಾಲದೆಂಬಂತೆ ರಬ್ಬರ್ ಕೂಡ ವರ್ಷ ಕಳೆದಂತೆ ತಾನೇ ಎಣ್ಣೆಯಂಥ ಪಸೆ ಬಿಡುತ್ತದೆ. ಜಾಸ್ತಿ ಒತ್ತುವುದು ವಾಲ್ಯೂಮ್ ಬಟನ್, ಹಾಗಾಗಿ ಮೊದಲು ಕೈಕೊಡುವುದೂ ಅದೇ.

ಸೆಲ್ ತೆಗೆಯಿರಿ. ಆ ಗೂಡಿನಲ್ಲಿ ಸ್ಕ್ರೂ ಇದ್ದರೆ ಬಿಚ್ಚಿ. ಇಲ್ಲದಿದ್ದರೆ ರಿಮೋಟ್‌ನ ಕವಚ ಬರೀ ಕೊಂಡಿಗಳ ಮೇಲೆ ನಿಂತಿರುತ್ತದೆ. ಪಕ್ಕದ ಸಂದಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ನಿಧಾನವಾಗಿ ಎಬ್ಬಿಸಿ. ಚಾಕು ಬೇಡ, ಪ್ಲಾಸ್ಟಿಕ್‌ಗೂ ಬೆರಳಿಗೂ ಒಳ್ಳೆಯದಲ್ಲ. ರಬ್ಬರ್ ಹಾಳೆಯನ್ನು ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬೋರ್ಡಿಗೆ ನೀರು ಬೇಡ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವವನ್ನು ಹತ್ತಿಗೆ ಹಚ್ಚಿ ಒರೆಸಿ. ಕಪ್ಪು ಚುಕ್ಕೆಯನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಕಾರ್ಬನ್ನೇ ಕಿತ್ತು ಬರುತ್ತದೆ. ಈಗಾಗಲೇ ಸವೆದಿದ್ದರೆ ಅಲ್ಯೂಮಿನಿಯಂ ಫಾಯಿಲ್‌ನ ಸಣ್ಣ ತುಂಡನ್ನು ಅಲ್ಲಿ ಅಂಟಿಸಬಹುದು. ಗಮ್ ಹೊರಗೆ ಹರಿಯದಷ್ಟು ಒಂದೇ ಚುಕ್ಕೆ ಸಾಕು.

ರಿಮೋಟ್ ಪೂರ್ತಿ ಸುಮ್ಮನಾಗಿದ್ದರೆ ಕಥೆ ಬೇರೆ. ಆಗ ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಹಿಡಿದು ಬಟನ್ ಒತ್ತಿ. ರಿಮೋಟ್ ಕಳಿಸುವ ಬೆಳಕು ಸುಮಾರು 940 ನ್ಯಾನೋಮೀಟರಿನದು, ನಮ್ಮ ಕಣ್ಣಿಗೆ ಬೀಳದು. ಕ್ಯಾಮೆರಾಕ್ಕೆ ನೇರಳೆಯಾಗಿ ಮಿನುಗುವುದು ಕಾಣುತ್ತದೆ. ಹಿಂದಿನ ಕ್ಯಾಮೆರಾಗಳು ಹಲವು ಸಲ ಅದನ್ನು ಸೋಸಿಬಿಡುತ್ತವೆ. ಮಿನುಗಿದರೆ ರಿಮೋಟ್ ಬಹುತೇಕ ಸರಿಯಿದೆ, ಟಿವಿ ಕಡೆ ನೋಡಿ. ಮಿನುಗದಿದ್ದರೆ ಸೆಲ್ ಕೂರುವ ಸ್ಪ್ರಿಂಗ್ ನೋಡಿ. ಅಲ್ಲಿ ತುಕ್ಕೋ ಬಿಳಿ ಪುಡಿಯೋ ಇರಬಹುದು. ಬಡಿದರೆ ರಿಮೋಟ್ ಎಚ್ಚರವಾಗುವುದು ಇದಕ್ಕೇ, ಸೆಲ್ ಸ್ವಲ್ಪ ಅಲುಗಿ ಮತ್ತೆ ತಾಗುತ್ತದೆ. ಅಲ್ಕಲೈನ್ ಸೆಲ್ ಸೋರಿದ್ದರೆ ನಿಂಬೆರಸ ಮುಟ್ಟಿಸಿದ ಹತ್ತಿಯಿಂದ ಒರೆಸಿ ಒಣಗಿಸಿ. ಬರಿಗೈಯಲ್ಲಿ ಬೇಡ.

ಇನ್ನೊಂದು ಮಾತು. ಮಾತಾಡಿ ಹುಡುಕುವ ಸ್ಮಾರ್ಟ್ ಟಿವಿ ರಿಮೋಟ್‌ಗಳಲ್ಲಿ ಎಷ್ಟೋ ಬಟನ್‌ಗಳು ಬ್ಲೂಟೂತ್‌ನಲ್ಲಿ ನಡೆಯುತ್ತವೆ, ಕ್ಯಾಮೆರಾದಲ್ಲಿ ಮಿನುಗುವುದೇ ಇಲ್ಲ. ಅವನ್ನು ಬಿಚ್ಚುವ ಮೊದಲು ಟಿವಿಗೆ ಮತ್ತೆ ಪೇರ್ ಮಾಡಿ ನೋಡಿ.

ಇದೇ ಹುಮ್ಮಸ್ಸಿನಲ್ಲಿ ಟಿವಿಯ ಬೆನ್ನು ಬಿಚ್ಚಲು ಮಾತ್ರ ಹೋಗಬೇಡಿ. ರಿಮೋಟ್‌ನ ಎರಡು ಸೆಲ್ ಸೇರಿ 3 ವೋಲ್ಟ್. ಟಿವಿಯೊಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.