ಬೇಕಲ ಕೋಟೆ ಮತ್ತು ಮೊದಲೇ ನೋಡಿದ ಫೋಟೊ

ಪ್ರವಾಸೋದ್ಯಮದ ಪಾಠದಲ್ಲಿ ‘ಚಿತ್ರಣದ ಚಕ್ರ’ ಅಂತ ಒಂದು ಭಾಗ ಬರುತ್ತದೆ. ಕಾಸರಗೋಡಿನ ನಮಗೆ ಅದನ್ನು ತಿಳಿಯಲು ಬೇಕಲ ಸಾಕು.

ಪ್ರಚಾರದ ಚಿತ್ರ ನೋಡಿ ಒಂದು ಜಾಗಕ್ಕೆ ಹೋಗುವ ಆಸೆ ಹುಟ್ಟುತ್ತದೆ. ಹೋದವರು ಅಲ್ಲಿ ಅದೇ ನೋಟವನ್ನು ಹುಡುಕುತ್ತಾರೆ, ಅದರದ್ದೇ ಫೋಟೊ ತೆಗೆದು ಎಲ್ಲರಿಗೂ ತೋರಿಸುತ್ತಾರೆ. ನೋಡಿದವರಿಗೆ ಮತ್ತೆ ಅದೇ ಆಸೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾನ್ ಅರ್ರಿ 1990ರಲ್ಲಿ ಈ ಸುತ್ತಿನ ಬಗ್ಗೆ ಬರೆದರು. 2003ರಲ್ಲಿ ಸಂಶೋಧಕಿ ಒಲಿವಿಯಾ ಜೆಂಕಿನ್ಸ್ ಆಸ್ಟ್ರೇಲಿಯಾ ಸುತ್ತುವ ಬ್ಯಾಕ್‌ಪ್ಯಾಕರ್‌ಗಳಲ್ಲಿ, ಅಂದರೆ ಬೆನ್ನಿಗೆ ಚೀಲ ಹಾಕಿ ಕಡಿಮೆ ಖರ್ಚಿನಲ್ಲಿ ತಿರುಗುವವರಲ್ಲಿ, ಇದನ್ನು ಪರೀಕ್ಷಿಸಿದರು. ಪ್ರಚಾರದ ಬ್ರೋಷರ್‌ನಲ್ಲಿದ್ದಂಥ ಚಿತ್ರಗಳನ್ನೇ ಆ ಪ್ರವಾಸಿಗರೂ ತೆಗೆಯುತ್ತಿದ್ದರು.

ಈಗ ಬೇಕಲಕ್ಕೆ ಬರೋಣ. ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಸಮುದ್ರಕ್ಕೆ ಚಾಚಿದ ಬುರುಜು, ಕೆಳಗೆ ಬಡಿಯುವ ಅಲೆ. 1992ರಲ್ಲಿ ಕೇಂದ್ರ ಸರ್ಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಎಂದು ಘೋಷಿಸಿತು. 1995ರಲ್ಲಿ ಬಂದ ‘ಬಾಂಬೆ’ ಸಿನಿಮಾದ ಒಂದು ಹಾಡನ್ನು ಇಲ್ಲೇ ಚಿತ್ರೀಕರಿಸಿದ್ದರು. ಅಲ್ಲಿಂದ ಆ ಬುರುಜು ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು. ಈಗ ಮೊಬೈಲ್ ಬಂದ ಮೇಲೆ ಚಕ್ರ ಇನ್ನೂ ಜೋರಾಗಿ ತಿರುಗುತ್ತಿದೆ: ಬೆಳಿಗ್ಗೆ ತೆಗೆದ ಫೋಟೊ ಸಂಜೆಯೊಳಗೆ ಇನ್ನೊಬ್ಬರ ಪ್ರವಾಸದ ಯೋಜನೆ.

ಕೋಟೆ ಸುಮಾರು 40 ಎಕರೆ ಇದೆ. ಮುರಕಲ್ಲಿನ ಗೋಡೆ, ಮೆಟ್ಟಿಲಿರುವ ಕೆರೆ, ಮದ್ದುಗುಂಡಿನ ಮನೆ, ಕಾವಲು ಗೋಪುರ, ಬಾಗಿಲಲ್ಲೇ ಆಂಜನೇಯನ ಗುಡಿ. ಇದನ್ನು 17ನೇ ಶತಮಾನದಲ್ಲಿ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕ. ಅಂದರೆ ಇದು ಕನ್ನಡ ನಾಡಿನ ಚರಿತ್ರೆಯೂ ಹೌದು, ಅಲ್ವಾ? ಆದರೆ ಪೋಸ್ಟರ್ ನೋಡಿ ಬಂದವರು ನೇರ ಬುರುಜಿನತ್ತ ನಡೆದರೆ ಶಿವಪ್ಪ ನಾಯಕನ ಹೆಸರೂ ಕಿವಿಗೆ ಬೀಳುವುದಿಲ್ಲ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಹಾಗಂತ ಪರೀಕ್ಷೆಯಲ್ಲಿ ‘ಜಾಹೀರಾತು ಮೋಸ ಮಾಡುತ್ತದೆ’ ಅಂತ ಬರೆಯಬೇಡಿ. ಬುರುಜು ನಿಜವಾಗಿಯೂ ಅಷ್ಟು ಚಂದ ಇದೆ. ಚಿತ್ರ ಸುಳ್ಳು ಹೇಳುವುದಿಲ್ಲ, ಒಂದನ್ನು ಆರಿಸಿ ಉಳಿದದ್ದನ್ನು ಬಿಡುತ್ತದೆ. ಪ್ರವಾಸಿಗರೂ ಸುಮ್ನೆ ನಕಲು ಮಾಡುವವರಲ್ಲ. ಮಕ್ಕಳನ್ನೋ ಅಜ್ಜಿಯನ್ನೋ ನಿಲ್ಲಿಸಿ ತೆಗೆದ ಫೋಟೊದಲ್ಲಿ ಕೋಟೆ ಬರೀ ಹಿನ್ನೆಲೆ, ಮನೆಯವರೇ ಮುಖ್ಯ. ಉತ್ತರದಲ್ಲಿ ಈ ಮಾತೂ ಇರಲಿ.

ಚಿತ್ರದ ಆಯುಷ್ಯ ಜಾಸ್ತಿ ಎನ್ನುವುದಕ್ಕೆ ನಮ್ಮ ಜಿಲ್ಲೆಯ ಅನಂತಪುರದ ಕೆರೆ ದೇವಸ್ಥಾನ ನೋಡಿ. ಅಲ್ಲಿನ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಿತು. ಅದರ ಫೋಟೊಗಳು ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಪ್ರಾಜೆಕ್ಟ್ ಮಾಡುವವರು ಅಲ್ಲಿಗೆ ಬಂದವರನ್ನು ಕೇಳಿ: ಬರುವ ಮೊದಲು ಯಾವ ಚಿತ್ರ ನೋಡಿದ್ದಿರಿ, ಬಂದ ಮೇಲೆ ಯಾವುದನ್ನು ತೆಗೆದಿರಿ? ಎರಡೂ ಉತ್ತರಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ.