ಮೂರ್ತಿ ಚಲೋ ಐತಿ, ಕುಂದ್ರಾಕ ಎಲ್ಲೈತಿ?

ಸರ್ಕಲ್ಲಿಗೋ ಪಾರ್ಕಿಗೋ ಒಂದು ಮೂರ್ತಿ ಬೇಕು ಅಂತ, ಇಂಥ ಜಾಗಗಳ ನಕಾಶೆ ಮಾಡುವ ನಮ್ಮ ಆಫೀಸಿಗೆ ಬರುವವರು ಮೊದಲು ಕೇಳುವುದು ಎತ್ತರ. ‘ಎಷ್ಟು ಅಡಿ ಮಾಡೋಣ್ರಿ ಸರ?’ ನೋಡಲು ಬರುವ ಹಿರಿಯರ ಪ್ರಶ್ನೆ ಬೇರೆ. ಗದಗ ಕಡೆಯ ಒಬ್ಬ ಅಜ್ಜ ನಕಾಶೆ ನೋಡಿ ಕೇಳಿದ್ದು ಇಷ್ಟೇ: ‘ಮೂರ್ತಿ ಚಲೋ ಐತ್ರಿ. ಕುಂದ್ರಾಕ ಎಲ್ಲೈತಿ?’

ನನ್ನ ಪ್ರಕಾರ ಜನರನ್ನು ಸೇರಿಸುವುದು ಕಟ್ಟೆ. ಮೂರ್ತಿ ಅದಕ್ಕೊಂದು ನೆಪ.

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಎಲ್ಲರಿಗೂ ಗುರುತು. ಆದರೆ ರಾಣಿಯ ಕುದುರೆ ಇರುವುದು ಗಾಡಿಗಳ ನಡುವೆ. ‘ಅಲ್ಲೇ ಸಿಗ್ತೀನಿ’ ಅಂದವರು ಸಿಗುವುದು ಪಕ್ಕದ ಚಹಾದಂಗಡಿಯಲ್ಲಿ. ಉಣಕಲ್ ಕೆರೆಯಲ್ಲಿ ವಿವೇಕಾನಂದರ ಮೂರ್ತಿ ನೀರಿನ ನಡುವಿದೆ, ಜನ ದಂಡೆಯಲ್ಲಿ. ಮುಟ್ಟಲು ಆಗದಿದ್ದರೂ ಸಂಜೆ ಅಲ್ಲಿ ಕೂರುತ್ತಾರೆ, ಗಾಳಿ ಇದೆ, ದಂಡೆ ಇದೆ. ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಇನ್ನೊಂದು ದಾರಿ ಹಿಡಿದರು. ಹಳ್ಳಿಯ ಕಸುಬುದಾರರು, ದನಕರುಗಳು ಆಳೆತ್ತರದಲ್ಲಿ ನೆಲದ ಮೇಲೇ ಇವೆ. ಹೆಂಗಸರು ಸಿಮೆಂಟಿನ ಮನುಷ್ಯರ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಟಿಕೆಟ್ ಇದೆ, ಹಾಗಾಗಿ ಅದು ಊರಕಟ್ಟೆ ಆಗಲಾರದು. ಪೀಠ ಬೇಡ ಅನ್ನುವ ಧೈರ್ಯ ಮಾತ್ರ ಕಲಿಯುವಂಥದ್ದು.

ಈಗ ಲೆಕ್ಕಕ್ಕೆ ಬರೋಣ. ಮೂರ್ತಿ ಪೂರ್ತಿ ಕಾಣಬೇಕಾದರೆ ಅದರ ಎತ್ತರದ ಎರಡರಷ್ಟು ದೂರ ಬೇಕು. 12 ಅಡಿಯದ್ದಕ್ಕೆ 24 ಅಡಿ. ಚಿಕ್ಕ ಸರ್ಕಲ್ಲಿನಲ್ಲಿ 25 ಅಡಿಯದ್ದು ನಿಲ್ಲಿಸಿದರೆ ಕೆಳಗಿಂದ ಕಾಣುವುದು ಗದ್ದ ಮಾತ್ರ. ಕಟ್ಟೆ 40ರಿಂದ 45 ಸೆಂ.ಮೀ. ಎತ್ತರ ಇರಲಿ, ಅದಕ್ಕಿಂತ ಜಾಸ್ತಿಯಾದರೆ ಅಜ್ಜಿಯರ ಕಾಲು ನೆಲಕ್ಕೆ ಸಿಗಲ್ಲ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಅದು ಕಾದ ಹಂಚು, ಮಳೆಗಾಲದಲ್ಲಿ ಜಾರುಬಂಡೆ. ತಿಳಿಬಣ್ಣದ ಒರಟು ಕಲ್ಲು ಸಾಕು.

ನೆರಳಿನ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಗೆ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಮೂರ್ತಿಯ ನೆರಳು ಅದರ ಕಾಲ ಬುಡದಲ್ಲೇ ಮುಗಿಯುತ್ತದೆ. ನಾಲ್ಕರ ನಂತರ ನೆರಳು ಪೂರ್ವಕ್ಕೆ ಚಾಚುತ್ತದೆ. ಜನ ಬರುವ ಹೊತ್ತೂ ಅದೇ ಅಲ್ವಾ? ಕಟ್ಟೆ ಪೂರ್ವಕ್ಕಿರಲಿ, ಪಶ್ಚಿಮಕ್ಕೆ ಹೊಂಗೆಯೋ ಬೇವೋ ಇರಲಿ.

ಆಮೇಲೆ ಗ್ರಿಲ್ಲು. ಉದ್ಘಾಟನೆ ಆದ ಮೇಲೆ ಯಾರೋ ಹಾಳು ಮಾಡ್ತಾರೆ ಅಂತ ಕಬ್ಬಿಣ ಬರುತ್ತದೆ, ಬೀಗ ಬೀಳುತ್ತದೆ, ಒಳಗೆ ಹುಲ್ಲು ಬೆಳೆಯುತ್ತದೆ. ಸಂಜೆಯಿಡೀ ಹತ್ತು ಜನ ಕೂತಿದ್ದರೆ ಅದಕ್ಕಿಂತ ಒಳ್ಳೆ ಕಾವಲು ಇಲ್ಲ. ಬೇಲಿ ಬೇಕೇ ಬೇಕು ಅಂದರೆ ಮೊಣಕಾಲೆತ್ತರದ ಕಲ್ಲಿನ ಸಾಲು ಹಾಕಿ. ಅದರ ಮೇಲೂ ಜನ ಕೂರುತ್ತಾರೆ.

ಹುಬ್ಬಳ್ಳಿಯ ಓಣಿಗಳಲ್ಲಿ ಹೋಳಿ ಹಬ್ಬಕ್ಕೆ ಕೂರಿಸುವ ರತಿ-ಕಾಮಣ್ಣರನ್ನು ನೋಡಿ. ಗ್ರಿಲ್ ಇಲ್ಲ, ಟೆಂಡರ್ ಇಲ್ಲ, ನನ್ನಂಥವರಂತೂ ಇಲ್ಲವೇ ಇಲ್ಲ. ಮನೆಗಳಿಂದ ಕುರ್ಚಿ ಬರುತ್ತವೆ, ಗಿರ್ಮಿಟ್ಟು ಬರುತ್ತದೆ, ಹರಟೆ ಶುರುವಾಗುತ್ತದೆ.

ಎಸ್ಟಿಮೇಟ್ ಬರೆಸುವವರಿಗೆ ಒಂದು ಮಾತು. ಮೂರ್ತಿ ಒಂದು ಬಾಬು, ಸುತ್ತಲಿನ ಕೆಲಸ ಇನ್ನೊಂದು ಬಾಬು ಅಂತ ಮಾಡಿದರೆ ಎರಡನೆಯದು ಮುಂದಿನ ವರ್ಷಕ್ಕೆ ಹೋಗುತ್ತದೆ. ಎರಡನ್ನೂ ಒಂದೇ ಬಾಬಿನಲ್ಲಿ ಬರೆಸಿ. ಲೈಟ್ ಕಂಬ, ಕುಡಿಯುವ ನೀರಿನ ನಳ, ಗಿಡಕ್ಕೆ ಎರಡು ವರ್ಷ ನೀರು ಹಾಕುವ ಖರ್ಚು ಎಲ್ಲ ಅದರೊಳಗೇ ಇರಲಿ.