ಗಿಡಮರ ನೋಡಿದರೆ ತಲೆ ಯಾಕೆ ಹಗುರಾಗುತ್ತದೆ?

ಮೊದಲು ಒಂದು ಸಣ್ಣ ಪರೀಕ್ಷೆ. ಗೆಳೆಯರೊಬ್ಬರಿಗೆ 5, 2, 9, 1, 7 ಅಂತ ಓದಿ ಹೇಳಿ. ಅವರು ಅದನ್ನು ಹಿಂದಿನಿಂದ ಹೇಳಬೇಕು: 7, 1, 9, 2, 5. ಐದು ಅಂಕಿ ಅಷ್ಟೇನೂ ಕಷ್ಟವಲ್ಲ. ಏಳು, ಎಂಟು ಅಂಕಿ ಕೊಟ್ಟು ನೋಡಿ. ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಜೊತೆಗೆ, ಕೇಳಿದ ಸಾಲಿನಲ್ಲೇ ಹೇಳಿಬಿಡೋಣ ಅನ್ನುವ ಒತ್ತಡವನ್ನು ತಡೆಯಬೇಕು. ಆ ತಡೆಯುವ ಕೆಲಸ ನೆನಪಿರಲಿ. ಹಸಿರು ನಮ್ಮ ದಣಿದ ಗಮನವನ್ನು ಹೇಗೆ ಸುಧಾರಿಸುತ್ತದೆ ಅನ್ನುವ ಈ ಪಾಠ ನಿಂತಿರುವುದೇ ಅದರ ಮೇಲೆ.

ಗಮನದಲ್ಲಿ ಎರಡು ಬಗೆ ಇದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 19ನೇ ಶತಮಾನದ ಕೊನೆಯಲ್ಲೇ ಹೇಳಿದ್ದರು. ಒಂದು ನಾವು ಬಲವಂತದಿಂದ ಹಿಡಿದು ನಿಲ್ಲಿಸುವ ಗಮನ. ಇನ್ನೊಂದು ತಾನಾಗಿ ಹೋಗುವ ಗಮನ. ಮಿಷಿಗನ್ ವಿಶ್ವವಿದ್ಯಾಲಯದ ರೇಚೆಲ್ ಕಪ್ಲಾನ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಇದನ್ನು ಮುಂದಕ್ಕೆ ಒಯ್ದರು. ದಣಿಯುವುದು ಮೊದಲನೆಯ ಬಗೆ ಅಂತ ಅವರು ವಾದಿಸಿದರು. ಪುಸ್ತಕದ ಮುಂದೆ ಕೂತಾಗ ಪಕ್ಕದ ಮನೆ ಟಿವಿ, ಹಸಿವು, ನಾಳೆಯ ಚಿಂತೆ ಎಲ್ಲವನ್ನೂ ಮನಸ್ಸು ಹೊರಗೆ ತಳ್ಳುತ್ತಲೇ ಇರಬೇಕು. ತಳ್ಳಿ ತಳ್ಳಿ ಆ ಶಕ್ತಿ ಸೋಲುತ್ತದೆ. ಆಗ ಓದಿದ ಸಾಲನ್ನೇ ಮತ್ತೆ ಮತ್ತೆ ಓದುತ್ತೇವೆ. ಸಣ್ಣ ಮಾತಿಗೂ ಸಿಡುಕುತ್ತೇವೆ.

ನಿದ್ದೆ ಇದನ್ನು ಸರಿಮಾಡುತ್ತದೆ, ನಿಜ. ಆದರೆ ಎಚ್ಚರವಿದ್ದಾಗಲೇ ಇದಕ್ಕೆ ವಿಶ್ರಾಂತಿ ಕೊಡಬಹುದಾ? ಕೊಡಬಹುದು ಅಂತ ಕಪ್ಲಾನ್ ದಂಪತಿ ಹೇಳಿದರು. ತಾನಾಗಿ ಹೋಗುವ ಗಮನಕ್ಕೆ ಕೆಲಸ ಕೊಟ್ಟರೆ ಇನ್ನೊಂದು ಸುಧಾರಿಸಿಕೊಳ್ಳುತ್ತದೆ. ಆದರೆ ಎಲ್ಲ ಸೆಳೆತವೂ ಒಂದೇ ಅಲ್ಲ. ಕಾರ್ ರೇಸ್ ನೋಡುವಾಗ ಮನಸ್ಸು ಪೂರ್ತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೇರೆ ಯೋಚನೆಗೆ ಜಾಗವೇ ಇಲ್ಲ. ಮೋಡ, ಹರಿಯುವ ನೀರು, ಗಾಳಿಗೆ ಅಲುಗಾಡುವ ಎಲೆ ಹಾಗಲ್ಲ. ಕಣ್ಣು ಅಲ್ಲಿದ್ದರೂ ಮನಸ್ಸು ತನ್ನ ಪಾಡಿಗೆ ಅಡ್ಡಾಡಬಹುದು. ಇದಕ್ಕೆ ಅವರು ಇಟ್ಟ ಹೆಸರು ಸಾಫ್ಟ್ ಫ್ಯಾಸಿನೇಷನ್. ನಾನು ನನ್ನ ಟಿಪ್ಪಣಿಯಲ್ಲಿ 'ಮೆದು ಸೆಳೆತ' ಅಂತ ಬರೆದುಕೊಂಡಿದ್ದೇನೆ. ಓದಿನ ನಡುವೆ ರೀಲ್ಸ್ ನೋಡಿದರೆ ತಲೆ ಯಾಕೆ ಹಗುರಾಗುವುದಿಲ್ಲ ಅನ್ನೋದು ಈ ಪದ ಸಿಕ್ಕ ಮೇಲೆ ನನಗೆ ಸ್ಪಷ್ಟವಾಯಿತು.

ಈಗ ನನಗೆ ತುಂಬಾ ಇಷ್ಟವಾದ ಪ್ರಯೋಗಕ್ಕೆ ಬರೋಣ. 2008ರಲ್ಲಿ ಮಾರ್ಕ್ ಬರ್ಮನ್, ಜಾನ್ ಜೋನೈಡ್ಸ್ ಮತ್ತು ಸ್ಟೀಫನ್ ಕಪ್ಲಾನ್ ಪ್ರಕಟಿಸಿದ್ದು. ಜಾಗ ಅಮೆರಿಕದ ಆ್ಯನ್ ಆರ್ಬರ್ ಊರು. 38 ವಿದ್ಯಾರ್ಥಿಗಳು. ಮೊದಲು ಅಂಕಿ ಹಿಂದೆಮುಂದೆ ಮಾಡುವ ಆ ಪರೀಕ್ಷೆ, ಆಮೇಲೆ ಮನಸ್ಸನ್ನು ಇನ್ನಷ್ಟು ದಣಿಸುವ ಒಂದು ಕೆಲಸ. ನಂತರ ಸುಮಾರು ನಾಲ್ಕೂವರೆ ಕಿಲೋಮೀಟರ್ ನಡಿಗೆ. ಕೆಲವರು ಮರಗಳ ಉದ್ಯಾನದಲ್ಲಿ, ಕೆಲವರು ವಾಹನ ತುಂಬಿದ ಪೇಟೆ ಬೀದಿಯಲ್ಲಿ. ವಾಪಸ್ ಬಂದು ಮತ್ತೆ ಅದೇ ಪರೀಕ್ಷೆ. ಒಂದು ವಾರದ ನಂತರ ದಾರಿ ಅದಲುಬದಲು. ಹಾಗಾಗಿ ಪ್ರತಿಯೊಬ್ಬರನ್ನೂ ಅವರೊಂದಿಗೇ ಹೋಲಿಸಬಹುದಿತ್ತು. ಉದ್ಯಾನದಲ್ಲಿ ನಡೆದಾಗ ಅಂಕ ಚೆನ್ನಾಗಿ ಏರಿತು. ಪೇಟೆಯಲ್ಲಿ ನಡೆದಾಗ ಹೇಳಿಕೊಳ್ಳುವಷ್ಟು ಏರಲಿಲ್ಲ. ಎರಡರಲ್ಲೂ ವ್ಯಾಯಾಮ ಒಂದೇ ಅಲ್ವಾ? ವ್ಯತ್ಯಾಸ ಇದ್ದದ್ದು ಸುತ್ತಮುತ್ತ. ಪೇಟೆಯಲ್ಲಿ ಗಾಡಿ ತಪ್ಪಿಸಿಕೊಳ್ಳಲು ಬಲವಂತದ ಗಮನ ಮತ್ತೆ ದುಡಿಯಲೇಬೇಕು.

ಚಳಿಗಾಲದಲ್ಲಿ ನಡೆದವರ ಕಥೆ ಇನ್ನೂ ಚಂದ. ಅಲ್ಲಿನ ಕೊರೆಯುವ ಚಳಿಯಲ್ಲಿ ನಡಿಗೆ ಅವರಿಗೆ ಅಷ್ಟೇನೂ ಖುಷಿ ಕೊಡಲಿಲ್ಲ. ಆದರೂ ಲಾಭ ಸಿಕ್ಕಿತು. ಅಂದರೆ 'ಮನಸ್ಸು ಖುಷಿಯಾಯ್ತು, ಅದಕ್ಕೇ ಗಮನ ಹೆಚ್ಚಿತು' ಅನ್ನುವ ವಿವರಣೆ ಇಲ್ಲಿ ಸಾಲುವುದಿಲ್ಲ. ಖುಷಿ ಬೇರೆ, ಗಮನದ ಸುಧಾರಣೆ ಬೇರೆ.

ನಾವು ಇಲ್ಲೇ ರೋಜರ್ ಉಲ್ರಿಚ್ ಎಂಬ ಇನ್ನೊಬ್ಬ ಸಂಶೋಧಕರ ಕೆಲಸವನ್ನು ಕಪ್ಲಾನ್ ಅವರದರ ಜೊತೆ ಬೆರೆಸಿಬಿಡುತ್ತೇವೆ. ಅವರ 1984ರ ಅಧ್ಯಯನ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯದು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳು. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಬಲವಾದ ನೋವಿನ ಮದ್ದೂ ಮರ ಕಂಡವರಿಗೆ ಕಡಿಮೆ ಸಾಕಾಯಿತು. ಉಲ್ರಿಚ್ ಅವರ ಸಿದ್ಧಾಂತ ಒತ್ತಡ ಇಳಿಯುವುದರ ಬಗ್ಗೆ, ಕಪ್ಲಾನ್ ಅವರದು ಗಮನದ ಬಗ್ಗೆ. ಉತ್ತರ ಬರೆಯುವಾಗ ಬೇರೆ ಬೇರೆ ಇಡಿ.

ತರಗತಿಯಲ್ಲಿ ನಾನು ಕೇಳಿದ ಪ್ರಶ್ನೆ: ಹಾಗಾದರೆ ಹಳ್ಳಿಯವರಿಗೆ ದಣಿವೇ ಇಲ್ವಾ? ನನ್ನ ಅಪ್ಪ ಅಡಿಕೆ ಬೆಳೆಗಾರ. ದಿನವಿಡೀ ಹಸಿರಿನ ನಡುವೆಯೇ ಇರುತ್ತಾರೆ. ಮಳೆಗಾಲದಲ್ಲಿ ನಾನು ತೋಟಕ್ಕೆ ಹೋದರೆ ಹನಿ ತೊಟ್ಟಿಕ್ಕುವ ಸೋಗೆ ಕಾಣುತ್ತದೆ. ಅಪ್ಪನಿಗೆ ಕಾಣುವುದು ಉದುರಿದ ಕಾಯಿ, ಕೊಳೆ ರೋಗ ಬಂತಾ ಅನ್ನೋ ಅನುಮಾನ, ಮದ್ದು ಹೊಡೆಯಲು ಜನ ಸಿಗ್ತಾರಾ ಅನ್ನೋ ಲೆಕ್ಕ. ಉತ್ತರ ಕಪ್ಲಾನ್ ಅವರ ಸಿದ್ಧಾಂತದಲ್ಲೇ ಇದೆ. ಮೆದು ಸೆಳೆತ ಒಂದೇ ಸಾಲದು, ಇನ್ನೂ ಮೂರು ಬೇಕು. ದಿನನಿತ್ಯದ ತಲೆಬಿಸಿಯಿಂದ ದೂರ ಬಂದಂತೆ ಆಗಬೇಕು. ಆ ಜಾಗ ನಮ್ಮನ್ನು ಒಳಗೊಳ್ಳುವಷ್ಟು ವಿಶಾಲ ಅನ್ನಿಸಬೇಕು. ನಾವು ಬಂದ ಉದ್ದೇಶಕ್ಕೆ ಅದು ಹೊಂದಬೇಕು. ಅಪ್ಪನಿಗೆ ತೋಟದಲ್ಲಿ ಆ 'ದೂರ' ಸಿಗುವುದಿಲ್ಲ. ಅವರು ಸಂಜೆ ಹೊಳೆ ದಂಡೆಯಲ್ಲಿ ಸುಮ್ನೆ ಕೂತು ಬರುತ್ತಾರೆ. ಲಾಲ್‌ಬಾಗ್ ಕೂಡ ಹಾಗೇ. ಸಾಮಾನ್ಯ ದಿನದ ಬೆಳಗ್ಗೆ ಒಂದು, ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಇನ್ನೊಂದು.

ಕಪ್ಲಾನ್ ಸಿದ್ಧಾಂತದ ಮಿತಿಯನ್ನೂ ಓದಿಕೊಳ್ಳಿ. 2016ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆ ಬಂತು. ಹೋಲಿಸಿದ 13 ಅಳತೆಗಳಲ್ಲಿ ಮೂರರಲ್ಲಿ ಮಾತ್ರ ಸ್ಪಷ್ಟ ಲಾಭ ಕಂಡಿತು. ಆ ಮೂರರಲ್ಲಿ ಒಂದು, ನಾವು ಮೊದಲು ಮಾಡಿದ ಹಿಂದಿನಿಂದ ಅಂಕಿ ಹೇಳುವ ಪರೀಕ್ಷೆ.